ಚಿಕ್ಕ ಮಕ್ಕಳಿಗೆ ಗಂಡು–ಹೆಣ್ಣಿನ ಪಾಠ: ಸಭೆಯ ಹಿರಿಯರಿಗೆ ಒಂದು ಬಹಿರಂಗ ಪತ್ರ

ಕರ್ನಾಟಕದ ಕ್ರೈಸ್ತ ಸಭೆಗಳ ಬಿಷಪರಿಗೆ, ಸಭಾಪಾಲಕರಿಗೆ, ಸಂಡೇ ಸ್ಕೂಲ್ ಪಾಠಗಳನ್ನು ಬರೆಯುವ ಮತ್ತು ಆರಿಸುವ ಸಮಿತಿಗಳ ಹಿರಿಯರಿಗೆ,

ಕ್ರಿಸ್ತನ ನಾಮದಲ್ಲಿ ವಂದನೆಗಳು.

ಮೂರು ವರ್ಷದಿಂದ ಒಂಬತ್ತು ವರ್ಷದವರೆಗಿನ ಮಕ್ಕಳ ಪುಸ್ತಕಗಳಲ್ಲಿ ‘ದೇವರು ನಮ್ಮನ್ನು ಗಂಡುಹೆಣ್ಣಾಗಿ ಸೃಷ್ಟಿಸಿದನು’ ಎಂಬ ವಿಷಯದ ಮೇಲೆ ಪ್ರತ್ಯೇಕ ಪಾಠಗಳು ಇರಬೇಕೆಂಬ ಮಾತು ಈಚೆಗೆ ಶಿಕ್ಷಕರ ಕೂಟಗಳಲ್ಲಿ ಮತ್ತೆ ಮತ್ತೆ ಬರುತ್ತಿದೆ. ಧಾರವಾಡದ ಒಂದು ಸಭೆಯಲ್ಲಿ ಚಿಕ್ಕ ಮಕ್ಕಳ ತರಗತಿಯನ್ನು ಬಹಳ ಕಾಲದಿಂದ ನಡೆಸುತ್ತಿರುವ ನಾನು ಈ ಯೋಚನೆಯನ್ನು ಮನಸಾರೆ ಒಪ್ಪುತ್ತೇನೆ. ನಾವು ಬಾಯಿ ಬಿಡದಿದ್ದರೆ ಮಕ್ಕಳೇನೂ ಕಲಿಯದೆ ಉಳಿಯುವುದಿಲ್ಲ. ಮನೆಯ ಟೀವಿ ಧಾರಾವಾಹಿ, ಅಪ್ಪನ ಕೈಯ ಮೊಬೈಲು, ಶಾಲೆಯ ವ್ಯಾನಿನಲ್ಲಿ ಕೂರುವ ದೊಡ್ಡ ಹುಡುಗರು ಎಲ್ಲರೂ ಸೇರಿ ಆ ಪಾಠವನ್ನು ತಮ್ಮದೇ ರೀತಿಯಲ್ಲಿ ಮುಗಿಸಿರುತ್ತಾರೆ. ಆದರೆ ಪಾಠದೊಳಗೆ ಏನಿರಬೇಕು ಎಂಬುದನ್ನು ನಿರ್ಧರಿಸುವ ಮೊದಲು ತರಗತಿಯಲ್ಲಿ ನಿಲ್ಲುವವರ ಮಾತನ್ನೂ ತಾವು ಕೇಳಬೇಕೆಂಬ ಆಸೆಯಿಂದ ಇದನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ.

ನನ್ನ ಮಾತಿನ ತಿರುಳು ಇಷ್ಟು. ಗಂಡು–ಹೆಣ್ಣಿನ ಬಗ್ಗೆ ಸತ್ಯವೇದ (ಬೈಬಲ್) ಹೇಳುವುದನ್ನು ನಾವು ಮಕ್ಕಳಿಗೆ ಧೈರ್ಯವಾಗಿ ಹೇಳಬೇಕು. ಸತ್ಯವೇದ ಹೇಳದೆ ಇರುವುದನ್ನು, ನಮ್ಮ ಊರು ಮನೆಗಳ ರೂಢಿಯನ್ನು ಅಥವಾ ಬೇರೆ ದೇಶದ ಜಗಳವೊಂದರ ವಾದಗಳನ್ನು, ದೇವರ ಬಾಯಿಂದ ಬಂದ ಮಾತೆಂದು ಮಕ್ಕಳ ತಲೆಗೆ ತುಂಬಬಾರದು. ಈ ಎರಡನೆಯದು ಮೊದಲನೆಯದಕ್ಕಿಂತ ಹೆಚ್ಚಾಗಿ ನಡೆಯುತ್ತಿದೆ.

ಬೇರೆ ದೇಶದ ಜಗಳ ಎಂದೆ. ಈಗ ಕನ್ನಡಕ್ಕೆ ತರ್ಜುಮೆಯಾಗಿ ಕೈಯಿಂದ ಕೈಗೆ ದಾಟುತ್ತಿರುವ ಮಕ್ಕಳ ಪುಸ್ತಿಕೆಗಳಲ್ಲಿ ಅನೇಕವು ಅಮೆರಿಕದ ಇವ್ಯಾಂಜೆಲಿಕಲ್ (ಸುವಾರ್ತೆ ಸಾರುವುದಕ್ಕೆ ಒತ್ತು ಕೊಡುವ ಪ್ರೊಟೆಸ್ಟೆಂಟ್) ಸಭೆಗಳ ಚರ್ಚೆಯ ಕೂಸುಗಳು. ಅಲ್ಲಿ 1987ರ ಡ್ಯಾನ್‌ವರ್ಸ್ ಹೇಳಿಕೆ ಸಭೆಯಲ್ಲೂ ಸಂಸಾರದಲ್ಲೂ ಗಂಡಸಿನ ಮತ್ತು ಹೆಂಗಸಿನ ಪಾತ್ರಗಳು ಬೇರೆಬೇರೆ ಎಂದು ಸಾರಿತು. 2017ರ ನ್ಯಾಶ್‌ವಿಲ್ ಹೇಳಿಕೆ ವಿವಾಹ, ಲೈಂಗಿಕತೆ ಮತ್ತು ಲಿಂಗ ಗುರುತಿನ ಬಗ್ಗೆ ‘ಇದನ್ನು ಒಪ್ಪುತ್ತೇವೆ, ಇದನ್ನು ತಳ್ಳಿಹಾಕುತ್ತೇವೆ’ ಎಂಬ ಧಾಟಿಯಲ್ಲಿ ಹದಿನಾಲ್ಕು ಅಂಶಗಳನ್ನು ಮುಂದಿಟ್ಟಿತು. ಅವುಗಳ ಪರವೋ ವಿರೋಧವೋ ಎಂಬ ಚರ್ಚೆಗೆ ನಾನು ಇಲ್ಲಿ ಇಳಿಯುವುದಿಲ್ಲ. ಅವು ದೊಡ್ಡವರು ದೊಡ್ಡವರ ಜೊತೆ ನಡೆಸಿದ ವಾದಗಳು. ಅಲ್ಲಿನ ಕೋರ್ಟು, ಶಾಲಾ ಮಂಡಳಿ, ಚುನಾವಣೆಗಳ ಬಿಸಿ ಅವುಗಳ ಸುತ್ತ ಇದೆ. ಆ ವಾದಗಳನ್ನು ಕುದುರೆ ಏರಿದ ವೀರ ರಾಜಕುಮಾರ ಮತ್ತು ಅರಮನೆಯಲ್ಲಿ ಕಾಯುವ ರಾಜಕುಮಾರಿಯ ಚಿತ್ರಗಳಿಗೆ ಇಳಿಸಿ, ನೀಲಿ ಮತ್ತು ಗುಲಾಬಿ ಬಣ್ಣ ತುಂಬಿಸಿ, ಹಳಿಯಾಳ ರಸ್ತೆಯ ಆಚೆ ಹೊಲದ ಕೂಲಿಗೆ ಹೋಗುವ ತಾಯಂದಿರ ಮಕ್ಕಳ ಮುಂದೆ ಇಟ್ಟಾಗ ಆ ಮಕ್ಕಳು ನಮ್ಮ ಮುಖ ನೋಡುತ್ತಾರೆ. ಅವರ ಮನೆಯಲ್ಲಿ ಕಾಯುತ್ತ ಕೂರುವ ಹೆಂಗಸು ಯಾರೂ ಇಲ್ಲ.

ನಮ್ಮ ಮಕ್ಕಳ ಪ್ರಶ್ನೆಗಳು ಬೇರೆ. ಅಣ್ಣನಿಗೆ ಇಂಗ್ಲಿಷ್ ಮೀಡಿಯಂ, ನನಗೆ ಯಾಕೆ ಊರ ಶಾಲೆ? ಎಲ್ಲರ ಊಟ ಮುಗಿದ ಮೇಲೆಯೇ ಅಮ್ಮ ಯಾಕೆ ಉಣ್ಣುತ್ತಾಳೆ? ತಂಗಿ ಹುಟ್ಟಿದಾಗ ಅಜ್ಜಿ ಯಾಕೆ ಪೇಡೆ ಹಂಚಲಿಲ್ಲ? ಟೋಲ್ ಗೇಟಿನ ಹತ್ತಿರ ಚಪ್ಪಾಳೆ ತಟ್ಟುತ್ತ ಬಂದವರು ಅಕ್ಕನೋ ಅಣ್ಣನೋ? ಸತ್ಯವೇದದ ಮೊದಲ ಪುಸ್ತಕವಾದ ಆದಿಕಾಂಡದ ಮೊದಲ ಅಧ್ಯಾಯಕ್ಕೆ ಈ ಪ್ರಶ್ನೆಗಳ ಎದುರಿಗೆ ನಿಲ್ಲುವ ಬಲವಿದೆ, ನಾವು ಅದನ್ನು ಅಲ್ಲಿ ನಿಲ್ಲಿಸಿದರೆ.

ಆ ಅಧ್ಯಾಯದ ಇಪ್ಪತ್ತೇಳನೆಯ ವಚನದಲ್ಲಿ ದೇವರು ಮನುಷ್ಯರನ್ನು ತನ್ನ ಸ್ವರೂಪದಲ್ಲಿ, ಗಂಡಾಗಿಯೂ ಹೆಣ್ಣಾಗಿಯೂ ಸೃಷ್ಟಿಸಿದನೆಂದಿದೆ. ಇದನ್ನು ನಾನು ನಂಬುತ್ತೇನೆ, ಕಲಿಸುತ್ತೇನೆ, ಇದಕ್ಕಾಗಿ ಯಾರ ಮುಂದೆಯೂ ಸಂಕೋಚಪಡುವುದಿಲ್ಲ. ಐದು ವರ್ಷದ ಮಗುವಿಗೆ ಇದರಿಂದ ಸಿಗಬೇಕಾದದ್ದು ಬಹಳ ಸರಳ ಮತ್ತು ಬಹಳ ದೊಡ್ಡದು: ನಿನ್ನ ದೇಹ ದೇವರು ಕೊಟ್ಟ ಒಳ್ಳೆಯ ಕೊಡುಗೆ, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ, ನೀನು ಹುಡುಗಿಯಾಗಿರುವುದು ಯಾರಿಗೂ ನಷ್ಟವಲ್ಲ, ನೀನು ಹುಡುಗನಾಗಿರುವುದು ನಿನ್ನ ಹೆಚ್ಚುಗಾರಿಕೆಯಲ್ಲ, ಪಕ್ಕದಲ್ಲಿ ಕೂತಿರುವ ಮಗುವೂ ಅದೇ ದೇವರ ಹೋಲಿಕೆ. ಮುಂದಿನ ವಚನದಲ್ಲಿ ಭೂಮಿಯ ಜವಾಬ್ದಾರಿಯನ್ನು ದೇವರು ಇಬ್ಬರಿಗೂ ಒಟ್ಟಿಗೆ ವಹಿಸುತ್ತಾನೆ. ಅಡುಗೆ ಯಾರದು, ಲೆಕ್ಕಪತ್ರ ಯಾರದು ಎಂಬ ಹಂಚಿಕೆ ಆ ಅಧ್ಯಾಯದಲ್ಲಿ ಎಲ್ಲಿಯೂ ಇಲ್ಲ.

ಗಂಡನು ಹೆಂಡತಿಯ ಮೇಲೆ ಅಧಿಕಾರ ನಡೆಸುವನೆಂಬ ಮಾತು ಬರುವುದು ಮೂರನೆಯ ಅಧ್ಯಾಯದಲ್ಲಿ, ಪಾಪ ಲೋಕವನ್ನು ಹೊಕ್ಕ ಮೇಲೆ. ಹೊಲದಲ್ಲಿ ಮುಳ್ಳುಗಿಡ, ಕಳೆ ಬೆಳೆಯುತ್ತದೆಂಬ ಮಾತೂ ಅದೇ ಅಧ್ಯಾಯದಲ್ಲಿ, ಎರಡೇ ವಚನಗಳ ನಂತರ ಬರುತ್ತದೆ. ಕಳೆ ತೆಗೆಯುವುದು ದೇವರ ಚಿತ್ತಕ್ಕೆ ವಿರುದ್ಧವೆಂದು ನಮ್ಮ ಯಾವ ರೈತನೂ ಕೈಕಟ್ಟಿ ಕೂತದ್ದನ್ನು ನಾನು ನೋಡಿಲ್ಲ. ಗಂಡನ ಅಧಿಕಾರದ ಮಾತಿರುವ ಹದಿನಾರನೆಯ ವಚನವನ್ನು ಮಾತ್ರ ನಾವು ಸೃಷ್ಟಿಯ ನಿಯಮವೆಂಬಂತೆ ಕಾಪಾಡಿಕೊಂಡು ಬಂದಿದ್ದೇವೆ. ಚಿಕ್ಕ ಮಕ್ಕಳ ಪುಸ್ತಕದಲ್ಲಿ ಈ ಎರಡು ಅಧ್ಯಾಯಗಳನ್ನು ಕಲಸಿ ಕೊಡಬೇಡಿರೆಂಬುದು ನನ್ನ ಮೊದಲ ಬೇಡಿಕೆ.

ವಯಸ್ಸಿನ ವಿಷಯವನ್ನೂ ಹೇಳಬೇಕು. ಸಾಮಾನ್ಯವಾಗಿ ಎರಡರಿಂದ ಮೂರು ವರ್ಷದೊಳಗೆ ಮಗು ತಾನು ಹುಡುಗನೋ ಹುಡುಗಿಯೋ ಎಂದು ಹೇಳಲು ಕಲಿಯುತ್ತದೆ. ಆದರೆ ಕೂದಲು ಕತ್ತರಿಸಿದರೂ ಬಟ್ಟೆ ಬದಲಿಸಿದರೂ ಹುಡುಗಿ ಹುಡುಗಿಯಾಗಿಯೇ ಇರುತ್ತಾಳೆಂಬ ಸ್ಥಿರವಾದ ತಿಳಿವಳಿಕೆ ಬರುವುದು ಆರೇಳು ವರ್ಷದ ಹೊತ್ತಿಗೆ ಎಂದು 1960ರ ದಶಕದಲ್ಲಿ ಲಾರೆನ್ಸ್ ಕೋಲ್‌ಬರ್ಗ್ ಎಂಬ ಮನೋವಿಜ್ಞಾನಿ ತೋರಿಸಿಕೊಟ್ಟ ಮೇಲೆ ಅದರ ಮೇಲೆ ಬಹಳಷ್ಟು ಅಧ್ಯಯನ ನಡೆದಿದೆ. ಅದಕ್ಕಿಂತ ಮುಂಚೆ ಮಗುವಿಗೆ ಹೊರಗಿನ ಗುರುತುಗಳೇ ಎಲ್ಲ. ಆ ವಯಸ್ಸಿನಲ್ಲಿ ನಾವು ‘ಹುಡುಗಿಯರಿಗೆ ಉದ್ದ ಕೂದಲು, ಬಳೆ, ಹುಡುಗರಿಗೆ ಗಿಡ್ಡ ಕೂದಲು, ಚೆಂಡು’ ಎಂದು ಚಿತ್ರ ಜೋಡಿಸುವ ಆಟ ಆಡಿಸಿದರೆ ಮಗುವಿನ ಗೊಂದಲವನ್ನೇ ಸಿದ್ಧಾಂತವಾಗಿ ಗಟ್ಟಿಮಾಡಿದಂತೆ. ಹೇನಿನ ಕಾಟಕ್ಕೋ ಕಾಯಿಲೆಯ ಚಿಕಿತ್ಸೆಗೋ ತಲೆ ಬೋಳಿಸಿಕೊಂಡ ಹುಡುಗಿಯೊಬ್ಬಳು ಅದೇ ಬೆಂಚಿನಲ್ಲಿ ಕೂತಿದ್ದರೆ ಆ ಹಾಳೆಯನ್ನು ಅವಳು ಹೇಗೆ ತುಂಬಬೇಕು? ದೇವರು ಕೊಟ್ಟದ್ದು ದೇಹ. ಬಳೆಯನ್ನು ತೊಡಿಸಿದವರು ನಾವು. ಮಕ್ಕಳಿಗೆ ಈ ವ್ಯತ್ಯಾಸವನ್ನು ಬಾಯಿಬಿಟ್ಟು ಹೇಳದಿದ್ದರೂ ಪರವಾಗಿಲ್ಲ, ಅದನ್ನು ಅಳಿಸಿಹಾಕುವ ಪಾಠವನ್ನಾದರೂ ಮಾಡಬಾರದು.

ಸತ್ಯವೇದದ ಕಥೆಗಳನ್ನೇ ಪೂರ್ತಿಯಾಗಿ ಹೇಳಿದರೆ ಈ ಕೆಲಸದ ಅರ್ಧ ತಾನಾಗಿಯೇ ಆಗುತ್ತದೆ. ನಮ್ಮ ಮಕ್ಕಳಿಗೆ ಸಂಸೋನ ಗೊತ್ತು, ಗಿದ್ಯೋನ ಗೊತ್ತು, ಗೊಲ್ಯಾತನನ್ನು ಕೆಡವಿದ ದಾವೀದ ಗೊತ್ತು. ಅದೇ ದಾವೀದ ಕಿನ್ನರಿ ನುಡಿಸಿ ಸೌಲನ ಕಳವಳವನ್ನು ತಣಿಸಿದವನೆಂದೂ, ಯೋನಾತಾನ ಸತ್ತಾಗ ಗೋಳಾಡಿ ಶೋಕಗೀತೆ ಕಟ್ಟಿದವನೆಂದೂ ಎಷ್ಟು ಮಕ್ಕಳಿಗೆ ಗೊತ್ತು? ಗುಡಾರದಲ್ಲಿ ಕೂತು ಅಲಸಂದಿಯ ಗುಗ್ಗರಿಯನ್ನು ಬೇಯಿಸುತ್ತಿದ್ದ ಯಾಕೋಬನ ಕಥೆಯನ್ನು ಚೊಚ್ಚಲತನದ ವ್ಯಾಪಾರಕ್ಕೆ ಅವಸರದಿಂದ ಓಡಿಸುತ್ತೇವೆ. ಇಸ್ರಾಯೇಲಿನ ಪಿತೃವೊಬ್ಬ ಒಲೆಯ ಮುಂದೆ ಇದ್ದನೆಂಬುದರ ಮೇಲೆ ಒಂದು ಕ್ಷಣವೂ ನಿಲ್ಲುವುದಿಲ್ಲ. ದೇವದರ್ಶನದ ಗುಡಾರಕ್ಕೆ ಬೇಕಾದ ಕಸೂತಿ ಮತ್ತು ನೇಯ್ಗೆಯ ಕೌಶಲವನ್ನು ದೇವರು ಬೆಚಲೇಲ ಮತ್ತು ಒಹೊಲೀಯಾಬ ಎಂಬ ಗಂಡಸರಿಗೆ ಕೊಟ್ಟನೆಂದು ವಿಮೋಚನಕಾಂಡದ ಮೂವತ್ತೈದನೆಯ ಅಧ್ಯಾಯದಲ್ಲಿದೆ. ಸೂಜಿದಾರ ಹಿಡಿದ ಹುಡುಗನನ್ನು ನೋಡಿ ನಗುವವರಿಗೆ ಆ ಅಧ್ಯಾಯ ಓದಿಸಬೇಕು. ಲಾಜರನು ಸತ್ತಾಗ ಯೇಸು ಎಲ್ಲರ ಎದುರಿಗೆ ಅತ್ತನು; ಕೊನೆಯ ರಾತ್ರಿ ಶಿಷ್ಯರ ಕಾಲು ತೊಳೆದನು; ಪುನರುತ್ಥಾನವಾದ ಮೇಲೆ ತಿಬೇರಿಯ ಸಮುದ್ರದ ದಡದಲ್ಲಿ ಕೆಂಡ ಹೊತ್ತಿಸಿ, ಮೀನು ಸುಟ್ಟು, ರಾತ್ರಿಯಿಡೀ ಬಲೆ ಎಳೆದು ದಣಿದು ಬಂದವರಿಗೆ ಬೆಳಗಿನ ಊಟ ಬಡಿಸಿದನು. ಗಂಡಸು ಹೇಗಿರಬೇಕೆಂದು ಹುಡುಗರಿಗೆ ತೋರಿಸಲು ಕ್ರೈಸ್ತರಾದ ನಮಗೆ ಬೇರೆ ವೀರರನ್ನು ಹುಡುಕುವ ಅಗತ್ಯವೇನಿದೆ?

ಹೆಣ್ಣುಮಕ್ಕಳ ಕಡೆಯಿಂದ ನೋಡಿದರೆ ನಮ್ಮ ಪುಸ್ತಕಗಳ ಬಡತನ ಇನ್ನೂ ಹೆಚ್ಚು. ಖರ್ಜೂರದ ಮರದ ಕೆಳಗೆ ಕೂತು ಇಸ್ರಾಯೇಲ್ಯರ ವ್ಯಾಜ್ಯಗಳನ್ನು ತೀರಿಸುತ್ತಿದ್ದ ದೆಬೋರಳ ಕಥೆ, ಸೇನಾಪತಿ ಬಾರಾಕನು ‘ನೀನು ಬಂದರೆ ಮಾತ್ರ ಹೋಗುತ್ತೇನೆ’ ಎಂದು ಅವಳಿಗೆ ಹೇಳುವ ಕಥೆ, ಒಂದೋ ಪುಸ್ತಕದಲ್ಲಿ ಇರುವುದಿಲ್ಲ ಇಲ್ಲವೇ ಅರ್ಧ ಪುಟಕ್ಕೆ ಮುಗಿಯುತ್ತದೆ. ಮಾರ್ಥಳ ಮನೆಯಲ್ಲಿ ಮರಿಯಳು ಶಿಷ್ಯರಂತೆ ಯೇಸುವಿನ ಪಾದದ ಬಳಿ ಕೂತು ಕಲಿಯುತ್ತಾಳೆ; ಅವಳನ್ನು ಅಡುಗೆಮನೆಗೆ ಕಳಿಸೆಂದು ಕೇಳಿದಾಗ ಯೇಸು ಕಳಿಸುವುದಿಲ್ಲ. ನಾವೋ ಆ ಕಥೆಯಿಂದಲೂ ‘ಪ್ರಾರ್ಥನೆಯನ್ನು ಮರೆಯದೆ ಮನೆಗೆಲಸ ಮಾಡಬೇಕು’ ಎಂಬ ನೀತಿಯನ್ನು ಹುಡುಗಿಯರಿಗೆ ಹಿಂಡಿ ತೆಗೆಯುವಷ್ಟು ಜಾಣರು. ಧೂಮ್ರವರ್ಣದ ವಸ್ತ್ರಗಳನ್ನು ಮಾರುತ್ತಿದ್ದ ಲುದ್ಯಳು ಫಿಲಿಪ್ಪಿಯಲ್ಲಿ ಪೌಲನಿಗೆ ಮನೆ ತೆರೆದಳು. ಗಂಡನ ಜೊತೆ ಸಮನಾಗಿ ಗುಡಾರ ಹೊಲಿಯುತ್ತಿದ್ದ ಪ್ರಿಸ್ಕಿಲ್ಲಳು ವಿದ್ವಾಂಸನಾದ ಅಪೊಲ್ಲೋಸನಿಗೆ ದೇವರ ಮಾರ್ಗವನ್ನು ಇನ್ನೂ ಸ್ಪಷ್ಟವಾಗಿ ವಿವರಿಸಿದವರಲ್ಲಿ ಒಬ್ಬಳು.

ಚಲ್ಪಹಾದನ ಐದು ಹೆಣ್ಣುಮಕ್ಕಳನ್ನಂತೂ ಬಿಡಲೇಬೇಡಿರಿ. ಅರಣ್ಯಕಾಂಡದ ಇಪ್ಪತ್ತೇಳನೆಯ ಅಧ್ಯಾಯದಲ್ಲಿ ಅವರು ಮೋಶೆಯ ಮುಂದೆ, ಯಾಜಕನ ಮುಂದೆ, ಸರ್ವಸಮೂಹದ ಮುಂದೆ ನಿಂತು, ನಮ್ಮ ತಂದೆಗೆ ಗಂಡುಮಕ್ಕಳಿಲ್ಲವೆಂಬ ಕಾರಣಕ್ಕೆ ಅವನ ಹೆಸರು ಯಾಕೆ ಅಳಿಯಬೇಕು, ನಮಗೆ ಪಾಲು ಕೊಡಿ ಎನ್ನುತ್ತಾರೆ. ಮೋಶೆ ದೇವರನ್ನು ಕೇಳುತ್ತಾನೆ; ಅವರ ಮಾತು ನ್ಯಾಯವಾದದ್ದೆಂದು ದೇವರು ಹೇಳುತ್ತಾನೆ. ಇದು ಏಳು ವರ್ಷದ ಮಗುವಿಗೂ ಅರ್ಥವಾಗುವ ಕಥೆ, ನಮ್ಮ ಕಾಲಕ್ಕೂ ಬೇಕಾದ ಕಥೆ. ಪಕ್ಕದ ಕೇರಳದಲ್ಲಿ 1916ರ ತಿರುವಾಂಕೂರು ಕ್ರೈಸ್ತ ಉತ್ತರಾಧಿಕಾರ ಕಾನೂನು ಮಗಳಿಗೆ ಮಗನ ಪಾಲಿನ ಕಾಲುಭಾಗ ಅಥವಾ ಐದು ಸಾವಿರ ರೂಪಾಯಿ, ಯಾವುದು ಕಡಿಮೆಯೋ ಅದು, ಎಂದು ಇಟ್ಟಿತ್ತು. ಮೇರಿ ರಾಯ್ ಎಂಬ ತಾಯಿ ಸುಪ್ರೀಂ ಕೋರ್ಟಿನವರೆಗೆ ಹೋರಾಡಿ 1986ರಲ್ಲಿ ಗೆದ್ದ ಮೇಲೆಯೇ ಅಲ್ಲಿನ ಸಿರಿಯನ್ ಕ್ರೈಸ್ತ ಹೆಣ್ಣುಮಕ್ಕಳಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಸಮಪಾಲು ಸಿಕ್ಕಿತು. ಆ ಕಾಯ್ದೆ ನಮ್ಮಲ್ಲಿಯೂ ಇದೆ. ಆದರೂ ತಂದೆ ತೀರಿಕೊಂಡ ಮೇಲೆ ಅಣ್ಣತಮ್ಮಂದಿರು ತರುವ ಹಕ್ಕುಬಿಡುಗಡೆ ಪತ್ರಕ್ಕೆ ಅಕ್ಕತಂಗಿಯರು ತಲೆತಗ್ಗಿಸಿ ಸಹಿ ಹಾಕುವುದು ನಮ್ಮ ಸಭೆಗಳ ಮನೆಗಳಲ್ಲಿ ಅಪರೂಪವೇನಲ್ಲ. ಮಕ್ಕಳಿಗೆ ಈ ಕಥೆಯನ್ನು ಹೇಳಲು ನಾವು ಹಿಂಜರಿಯುವುದಕ್ಕೆ ಅದೇ ಕಾರಣವಿರಬಹುದೇ ಎಂಬ ಅನುಮಾನ ನನಗಿದೆ.

‘ಹುಡುಗರು ಅಳಬಾರದು’ ಎಂಬ ಮಾತಿಗೆ ಬರುತ್ತೇನೆ, ಏಕೆಂದರೆ ಇದರ ಪರಿಣಾಮ ಕೇವಲ ಸ್ವಭಾವದ ಮಟ್ಟದಲ್ಲಿ ಉಳಿಯುವುದಿಲ್ಲ. 2007ರಲ್ಲಿ ಕೇಂದ್ರ ಸರ್ಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ ಹದಿಮೂರು ರಾಜ್ಯಗಳ ಹನ್ನೆರಡು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಮಾತನಾಡಿಸಿ ವರದಿಯೊಂದನ್ನು ಪ್ರಕಟಿಸಿತು. ಅದರಲ್ಲಿ ಶೇ. 53.22ರಷ್ಟು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯವನ್ನು ಅನುಭವಿಸಿದ್ದಾಗಿ ಹೇಳಿದ್ದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು, ಶೇ. 52.94ರಷ್ಟು, ಗಂಡುಮಕ್ಕಳು. ಹಿರಿಯರು ಈ ಅಂಕಿಯ ಮುಂದೆ ಸ್ವಲ್ಪ ಹೊತ್ತು ಕೂರಬೇಕೆಂದು ಬೇಡಿಕೊಳ್ಳುತ್ತೇನೆ. ಮಗಳನ್ನು ಸಂಜೆ ಹೊರಗೆ ಬಿಡಬಾರದೆಂದು ಎಚ್ಚರ ಹೇಳುವ ನಾವು ಮಗನಿಗೆ ಏನನ್ನೂ ಹೇಳಿಕೊಟ್ಟಿಲ್ಲ. ನೋವಾದರೆ ನುಂಗಿಕೋ, ನೀನು ಗಂಡಸು ಎಂದಷ್ಟೇ ಕಲಿಸಿದ್ದೇವೆ. ಬಾಯಿ ಮುಚ್ಚಿಕೊಂಡಿರುವ ಮಗುವೇ ತಪ್ಪಿತಸ್ಥನಿಗೆ ಬೇಕಾಗಿರುವುದು. 2012ರ ಪೋಕ್ಸೋ ಕಾಯ್ದೆ ಹುಡುಗ ಹುಡುಗಿಯೆಂದು ಭೇದ ಮಾಡದೆ ಹದಿನೆಂಟು ವರ್ಷದೊಳಗಿನ ಎಲ್ಲ ಮಕ್ಕಳನ್ನೂ ಕಾಪಾಡುತ್ತದೆ, ಮತ್ತು ಇಂಥ ಘಟನೆ ತಿಳಿದೂ ಪೊಲೀಸರಿಗೆ ತಿಳಿಸದಿರುವುದನ್ನು ಅಪರಾಧವೆಂದು ಪರಿಗಣಿಸುತ್ತದೆ. ಸಭೆಯ ಸಮಿತಿಯಲ್ಲಿ ಕೂತು ರಾಜಿ ಮಾಡಿಸಿ ಪ್ರಾರ್ಥನೆಯೊಂದಿಗೆ ಮುಗಿಸುವ ದಾರಿ ಕಾನೂನಿನಲ್ಲೂ ಇಲ್ಲ. ಚಿಕ್ಕವರಲ್ಲಿ ಒಬ್ಬನನ್ನು ಎಡವಿಸುವವನ ಕೊರಳಿಗೆ ಬೀಸುವ ಕಲ್ಲನ್ನು ಕಟ್ಟುವುದೇ ಲೇಸೆಂದು ಹೇಳಿದ ಯೇಸುವಿನ ಬಾಯಲ್ಲೂ ಇಲ್ಲ. ಆದ್ದರಿಂದ ದೇಹ ದೇವರ ಕೊಡುಗೆಯೆಂಬ ಪಾಠದ ಜೊತೆಯಲ್ಲಿಯೇ, ಆ ದೇಹದ ಭಾಗಗಳ ಹೆಸರುಗಳನ್ನು ನಾಚಿಕೆಯಿಲ್ಲದೆ ಹೇಳಿಕೊಡುವ, ಯಾರು ಮುಟ್ಟಬಾರದು, ಮುಟ್ಟಿದರೆ ಯಾರಿಗೆ ಹೇಳಬೇಕು, ಮಕ್ಕಳ ಸಹಾಯವಾಣಿ 1098ಕ್ಕೆ ಯಾವಾಗ ಫೋನ್ ಮಾಡಬೇಕು ಎಂದು ತಿಳಿಸುವ ಪಾಠ ಇರಲೇಬೇಕು. ಅದಿಲ್ಲದ ಪುಸ್ತಕವನ್ನು ನಾನು ತರಗತಿಗೆ ತೆಗೆದುಕೊಂಡು ಹೋಗಲಾರೆ.

ಇನ್ನು ಟೋಲ್ ಗೇಟಿನ ಪ್ರಶ್ನೆ. ಕರ್ನಾಟಕದ ಮಕ್ಕಳು ಮಂಗಳಮುಖಿಯರನ್ನು ನೋಡಿಯೇ ಬೆಳೆಯುತ್ತಾರೆ. ಸವದತ್ತಿಯ ದಾರಿಯಲ್ಲಿ ಜೋಗತಿಯರನ್ನು ಕಾಣದ ಮಗು ನಮ್ಮ ಕಡೆ ಇಲ್ಲ. 2014ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಅವರನ್ನು ಮೂರನೆಯ ಲಿಂಗವೆಂದು ಗುರುತಿಸಿತು, 2019ರಲ್ಲಿ ಅವರ ಹಕ್ಕುಗಳ ರಕ್ಷಣೆಗೆ ಕಾಯ್ದೆ ಬಂತು, 2021ರಲ್ಲಿ ನಮ್ಮ ರಾಜ್ಯ ಸರ್ಕಾರಿ ನೇಮಕಾತಿಯಲ್ಲಿ ಅವರಿಗೆ ಶೇ. 1ರ ಮೀಸಲಾತಿ ಕೊಟ್ಟಿತು. ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿಯವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿ, ಪದ್ಮಶ್ರೀ ಪಡೆದು, ರಾಷ್ಟ್ರಪತಿಗಳಿಗೆ ಸೆರಗಿನಿಂದ ದೃಷ್ಟಿ ತೆಗೆದದ್ದನ್ನು ಇಡೀ ನಾಡು ಟೀವಿಯಲ್ಲಿ ನೋಡಿತು. ಹೀಗಿರುವಾಗ ‘ಅಂಥವರ ಬಗ್ಗೆ ಮಾತಾಡಬಾರದು’ ಎಂದು ಸಂಡೇ ಸ್ಕೂಲಿನಲ್ಲಿ ಮಗುವಿನ ಬಾಯಿ ಮುಚ್ಚಿಸಿದರೆ, ಅದು ಕಲಿಯುವುದು ಅಸಹ್ಯವನ್ನು ಮಾತ್ರ.

ಉತ್ತರಕ್ಕೆ ನಾವು ದೂರ ಹೋಗಬೇಕಾಗಿಲ್ಲ. ಯೆರೆಮೀಯನ ಮೂವತ್ತೆಂಟನೆಯ ಅಧ್ಯಾಯದಲ್ಲಿ ಪ್ರವಾದಿಯನ್ನು ಕೆಸರು ತುಂಬಿದ ಬಾವಿಗೆ ಇಳಿಸಿ ಸಾಯಲು ಬಿಡುತ್ತಾರೆ. ಅರಮನೆಯಲ್ಲಿದ್ದ ಎಬೆದ್ಮೆಲೆಕನೆಂಬ ಕೂಷ್ ದೇಶದ ಕಂಚುಕಿಯೊಬ್ಬ (ನಪುಂಸಕನಾದ ಅರಮನೆಯ ಸೇವಕ) ಅರಸನ ಹತ್ತಿರ ಹೋಗಿ ಇದು ಅನ್ಯಾಯವೆಂದು ಹೇಳುತ್ತಾನೆ. ಅನುಮತಿ ಪಡೆದು ಬಂದವನು ಹಗ್ಗವನ್ನಷ್ಟೇ ಇಳಿಬಿಡುವುದಿಲ್ಲ. ಹರಕು ಬಟ್ಟೆಗಳನ್ನು ಹುಡುಕಿ ತಂದು, ಹಗ್ಗ ಕೊರೆಯದಂತೆ ಇವನ್ನು ಕಂಕುಳಲ್ಲಿ ಇಟ್ಟುಕೋ ಎಂದು ಯೆರೆಮೀಯನಿಗೆ ಹೇಳುತ್ತಾನೆ. ಎಷ್ಟು ಮೃದುವಾದ ಧೈರ್ಯ ಅದು! ಮುಂದಿನ ಅಧ್ಯಾಯದಲ್ಲಿ ದೇವರು ಆತನಿಗೆ ಹೆಸರು ಹಿಡಿದು ರಕ್ಷಣೆಯ ಮಾತು ಕೊಡುತ್ತಾನೆ. ಅಪೊಸ್ತಲರ ಕೃತ್ಯಗಳ ಎಂಟನೆಯ ಅಧ್ಯಾಯದಲ್ಲಿ ಫಿಲಿಪ್ಪನು ರಥ ಹತ್ತಿ ಕೂತು ಕಲಿಸಿ ದೀಕ್ಷಾಸ್ನಾನ ಕೊಟ್ಟದ್ದೂ ಒಬ್ಬ ಕಂಚುಕಿಗೇ. ಯೆಶಾಯನ ಐವತ್ತಾರನೆಯ ಅಧ್ಯಾಯ ಅಂಥವರಿಗೆ ದೇವರ ಆಲಯದಲ್ಲಿ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಮಿಗಿಲಾದ ಹೆಸರನ್ನು ವಾಗ್ದಾನ ಮಾಡುತ್ತದೆ. ಹುಟ್ಟಿನಿಂದಲೇ ಹಾಗಿರುವವರೂ ಇದ್ದಾರೆಂದು ಮತ್ತಾಯನ ಹತ್ತೊಂಬತ್ತನೆಯ ಅಧ್ಯಾಯದಲ್ಲಿ ಯೇಸುವೇ ಹೇಳಿದ್ದಾನೆ. ಸತ್ಯವೇದದ ಕಂಚುಕಿ ಮತ್ತು ಇಂದಿನ ಮಂಗಳಮುಖಿ ಒಂದೇ ಎಂದು ನಾನು ಹೇಳುತ್ತಿಲ್ಲ. ಇಬ್ಬರ ಬದುಕೂ ಬೇರೆ, ಕಾಲವೂ ಬೇರೆ. ಜನ ನಕ್ಕು ದೂರ ಇಟ್ಟವರನ್ನು ದೇವರು ಹೇಗೆ ನೋಡುತ್ತಾನೆ ಎಂಬುದು ಮಾತ್ರ ಈ ನಾಲ್ಕೂ ಕಡೆ ಒಂದೇ ರೀತಿ ಇದೆ. ಆರು ವರ್ಷದ ಮಗುವಿಗೆ ಅಷ್ಟು ಸಾಕು: ಅವರೂ ದೇವರು ಸೃಷ್ಟಿಸಿದ ಮನುಷ್ಯರು, ಅವರಿಗೂ ಹೆಸರಿದೆ, ಅವರನ್ನು ನೋಡಿ ನಗಬಾರದು.

ಈ ಮಾತು ತರಗತಿಯ ಒಳಗಿನ ಮಗುವಿಗೂ ಅನ್ವಯಿಸುತ್ತದೆ. ಅಮ್ಮನ ದುಪ್ಪಟ್ಟ ಸುತ್ತಿಕೊಂಡು ಕುಣಿಯುವ ಹುಡುಗ, ಫ್ರಾಕ್ ಹಾಕುವುದಿಲ್ಲವೆಂದು ಹಟ ಹಿಡಿಯುವ ಹುಡುಗಿ ಎಲ್ಲ ಕಾಲದಲ್ಲೂ ಇದ್ದಾರೆ; ಬಹಳ ಮಕ್ಕಳಲ್ಲಿ ಅದು ಆಟ. ಗಂಡಸಿನ ಉಡುಪನ್ನು ಹೆಂಗಸೂ ಹೆಂಗಸಿನ ಉಡುಪನ್ನು ಗಂಡಸೂ ತೊಡಬಾರದೆನ್ನುವ, ಧರ್ಮೋಪದೇಶಕಾಂಡದ ಇಪ್ಪತ್ತೆರಡನೆಯ ಅಧ್ಯಾಯದ ಐದನೆಯ ವಚನವನ್ನು ತೆಗೆದು ಅಂಥ ಮಗುವನ್ನು ಹೆದರಿಸುವುದನ್ನು ನಾನು ಕೇಳಿದ್ದೇನೆ. ಆ ವಚನ ಇರುವುದು ನಿಜ. ಅದೇ ಅಧ್ಯಾಯದಲ್ಲಿ ನಾರು ಮತ್ತು ಉಣ್ಣೆ ಬೆರೆಸಿದ ಬಟ್ಟೆಯನ್ನು ತೊಡಬಾರದೆಂಬ ಆಜ್ಞೆಯೂ ಇದೆ, ಅದನ್ನು ನಾವು ಯಾರೂ ಪಾಲಿಸುತ್ತಿಲ್ಲ ಎಂಬುದೂ ನಿಜ. ಧರ್ಮಶಾಸ್ತ್ರ ಬಲ್ಲವರು ಈ ವಚನಗಳ ಅರ್ಥವನ್ನು ಚರ್ಚಿಸಲಿ, ಆ ಚರ್ಚೆಯ ಭಾರವನ್ನು ಐದು ವರ್ಷದ ಮಗುವಿನ ಮೇಲೆ ಹೊರಿಸುವುದು ಬೇಡ. ಅಪರೂಪಕ್ಕೆ ಒಂದು ಮಗುವಿನಲ್ಲಿ ಅದು ಆಟವಾಗಿ ಮುಗಿಯದೆ, ದೊಡ್ಡದಾದಂತೆ ಒಳಗಿನ ಸಂಕಟವಾಗಿ ಉಳಿಯಬಹುದು. ಆಗಲೂ ಆ ಮಗುವನ್ನು ಎಲ್ಲರ ಮುಂದೆ ಕರೆದು ತಲೆಯ ಮೇಲೆ ಕೈಯಿಟ್ಟು ‘ಬಿಡುಗಡೆ ಪ್ರಾರ್ಥನೆ’ ಮಾಡುವಂತಿಲ್ಲವೆಂದು ಶಿಕ್ಷಕರಿಗೆ ಬರೆದು ಕೊಡಬೇಕು. ವ್ಯಕ್ತಿಯ ಲಿಂಗ ಗುರುತನ್ನು ಬದಲಿಸುತ್ತೇವೆಂದು ನಡೆಸುವ ‘ಚಿಕಿತ್ಸೆ’ಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ವೃತ್ತಿ ದುರ್ನಡತೆಯೆಂದು ಘೋಷಿಸಿದೆ, ವೈದ್ಯರಿಗೆ ನಿಷಿದ್ಧವಾದದ್ದನ್ನು ವೈದ್ಯರಲ್ಲದ ನಾವು ಮಾಡುವುದು ಹೇಗೆ? ತಂದೆತಾಯಿಯ ಜೊತೆ ಗುಟ್ಟಾಗಿ, ಗೌರವದಿಂದ ಮಾತಾಡುವುದು, ಅವರು ಒಳ್ಳೆಯ ಮಕ್ಕಳ ವೈದ್ಯರನ್ನು ಕಾಣುವಂತೆ ನೆರವಾಗುವುದು, ಮಗು ಮುಂದಿನ ಭಾನುವಾರವೂ ತರಗತಿಗೆ ಬರುವಂತೆ ನೋಡಿಕೊಳ್ಳುವುದು, ಇಷ್ಟು ನಮ್ಮ ಪಾಲಿನ ಕೆಲಸ. ಹುಟ್ಟುವಾಗಲೇ ಗಂಡೋ ಹೆಣ್ಣೋ ಎಂದು ಸ್ಪಷ್ಟವಾಗದ ದೇಹದೊಂದಿಗೆ ಬರುವ ಕೂಸುಗಳೂ ಇವೆ ಎಂಬುದನ್ನು, ಅವುಗಳ ಹೆತ್ತವರು ಸಭೆಗೆ ಹೆದರಿ ಊರನ್ನೇ ಬಿಡುವ ಸ್ಥಿತಿ ಬರಬಾರದು ಎಂಬುದನ್ನು ಸಭಾಪಾಲಕರು ಬಲ್ಲವರಾಗಿರಬೇಕು.

ಇಷ್ಟು ಓದಿ, ಈಕೆ ಕಾಲಕ್ಕೆ ತಕ್ಕಂತೆ ಸತ್ಯವೇದವನ್ನು ಸಡಿಲಿಸಲು ಹೊರಟವಳೆಂದು ಕೆಲವರಿಗೆ ಅನ್ನಿಸಬಹುದು. ಆದಿಕಾಂಡದ ಮೊದಲ ಅಧ್ಯಾಯವನ್ನು ಹಳೆಯ ಕಾಲದ್ದೆಂದು ಪಕ್ಕಕ್ಕಿಟ್ಟು, ಲಿಂಗವೆಂಬುದು ಪೂರ್ತಿಯಾಗಿ ಸಮಾಜದ ಕಲ್ಪನೆಯೆಂದು ಪುಟ್ಟ ಮಕ್ಕಳಿಗೆ ಕಲಿಸಬೇಕೆನ್ನುವ ಗೆಳೆಯರೂ ನನಗಿದ್ದಾರೆ. ಅವರ ಮಾತನ್ನೂ ನಾನು ಒಪ್ಪುವುದಿಲ್ಲ. ಮಗುವಿಗೆ ತನ್ನ ದೇಹವೇ ಒಂದು ಪ್ರಶ್ನೆಪತ್ರಿಕೆಯಾಗಬಾರದು. ನಾನು ಕಥೋಲಿಕಳಲ್ಲ, ಆದರೂ ಪೋಪ್ ಫ್ರಾನ್ಸಿಸರು 2016ರಲ್ಲಿ ಕುಟುಂಬದ ಬಗ್ಗೆ ಹೊರಡಿಸಿದ ‘ಅಮೋರಿಸ್ ಲೆತೀಸಿಯ’ ಎಂಬ ಬೋಧನೆ ಈ ವಿಷಯದಲ್ಲಿ ನನಗೆ ಹಿಡಿಸಿತು. ದೇಹದ ಲಿಂಗವನ್ನೂ ಸಮಾಜ ಅದಕ್ಕೆ ಕೊಡುವ ಪಾತ್ರವನ್ನೂ ಬೇರೆಬೇರೆಯೆಂದು ಗುರುತಿಸಬಹುದು, ಒಂದರಿಂದ ಇನ್ನೊಂದನ್ನು ಪೂರ್ತಿ ಕಿತ್ತುಹಾಕಲಾಗದು ಎಂದು ಅದರಲ್ಲಿ ಒಂದು ಕಡೆ ಇದೆ. ಇನ್ನೊಂದು ಕಡೆ, ಮನೆಗೆಲಸ ಮಾಡುವುದರಿಂದಾಗಲಿ ಮಕ್ಕಳನ್ನು ನೋಡಿಕೊಳ್ಳುವುದರಿಂದಾಗಲಿ ಗಂಡಿನ ಗಂಡಸುತನಕ್ಕೆ ಕುಂದಿಲ್ಲವೆಂದೂ ಇದೆ. ನಮ್ಮ ಮಕ್ಕಳ ಪುಸ್ತಕಕ್ಕೆ ಬೇಕಾದ ಹದ ಅದೇ ಎಂದು ನನ್ನ ಅಭಿಪ್ರಾಯ.

ಪುಸ್ತಕ ಏನೇ ಹೇಳಲಿ, ಮಕ್ಕಳು ಓದುವುದು ನಮ್ಮನ್ನು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸಲು ಶಾಲೆ ತೆರೆದ ನಾಡಿನವರು ನಾವು. 2013ರಲ್ಲಿ ಚರ್ಚ್ ಆಫ್ ಸೌತ್ ಇಂಡಿಯಾ ನಂದ್ಯಾಲದಲ್ಲಿ ಎಗ್ಗೋನಿ ಪುಷ್ಪಲಲಿತಾ ಅವರನ್ನು ತನ್ನ ಮೊದಲ ಮಹಿಳಾ ಬಿಷಪರನ್ನಾಗಿ ಅಭಿಷೇಕಿಸಿತು. ಆದರೆ ನಮ್ಮ ಬಹಳ ಸಭೆಗಳಲ್ಲಿ ಪ್ರೀತಿಭೋಜನ ಮುಗಿದ ಮೇಲೆ ಹುಡುಗಿಯರು ತಟ್ಟೆ ತೊಳೆಯುತ್ತಾರೆ, ಹುಡುಗರು ಅಂಗಳದಲ್ಲಿ ಕ್ರಿಕೆಟ್ ಆಡುತ್ತಾರೆ. ಸಂಡೇ ಸ್ಕೂಲಿನಲ್ಲಿ ಕಲಿಸುವವರು ಹೆಚ್ಚಾಗಿ ಹೆಂಗಸರು, ಪಾಠ ಆರಿಸುವ ಸಮಿತಿಯಲ್ಲಿ ಹೆಚ್ಚಾಗಿ ಗಂಡಸರು. ಕ್ರಿಸ್‌ಮಸ್ ನಾಟಕದಲ್ಲಿ ದೇವದೂತರ ರೆಕ್ಕೆಗಳು ಹುಡುಗಿಯರಿಗೇ ಮೀಸಲು. ಗಬ್ರಿಯೇಲನನ್ನು ಸತ್ಯವೇದ ಪುರುಷನೆಂದು ಕರೆದದ್ದು ನಾಟಕ ಮಾಡಿಸುವವರ ನೆನಪಿಗೆ ಬರುವುದೇ ಇಲ್ಲ. ಇದು ಸಣ್ಣ ವಿಷಯವೆಂದು ನನಗೂ ಗೊತ್ತು. ತಟ್ಟೆ ತೊಳೆಯುವುದು ಸಣ್ಣದಲ್ಲ.

ಆದ್ದರಿಂದ ನನ್ನ ಕೋರಿಕೆಗಳನ್ನು ಸ್ಪಷ್ಟವಾಗಿ ಮುಂದಿಡುತ್ತೇನೆ. ತರ್ಜುಮೆಯ ಪುಸ್ತಿಕೆಗಳನ್ನು ಹಾಗೆಯೇ ಅಚ್ಚು ಹಾಕಿಸುವುದನ್ನು ನಿಲ್ಲಿಸಿ, ಚಿಕ್ಕ ಮಕ್ಕಳ ಪಾಠಗಳನ್ನು ಕನ್ನಡದಲ್ಲಿಯೇ ಹೊಸದಾಗಿ ಬರೆಸಿರಿ. ಬರೆಯುವ ಗುಂಪಿನಲ್ಲಿ ಕನಿಷ್ಠ ಅರ್ಧದಷ್ಟು ಜನ ಈಗ ತರಗತಿ ನಡೆಸುತ್ತಿರುವ ಶಿಕ್ಷಕಿಯರಾಗಿರಲಿ, ಒಬ್ಬರು ಮಕ್ಕಳ ವೈದ್ಯರೂ ಒಬ್ಬರು ಪೋಕ್ಸೋ ಕಾಯ್ದೆ ಬಲ್ಲ ವಕೀಲರೂ ಇರಲಿ. ದೆಬೋರ, ಚಲ್ಪಹಾದನ ಹೆಣ್ಣುಮಕ್ಕಳು, ಎಬೆದ್ಮೆಲೆಕ ಈ ಮೂರು ಪಾಠಗಳನ್ನು ಯಾವ ಸಭೆಯೂ ಬಿಡುವಂತಿಲ್ಲವೆಂದು ಗೊತ್ತುಮಾಡಿರಿ. ತರಗತಿಯಲ್ಲಿ ಯಾವಾಗಲೂ ಇಬ್ಬರು ದೊಡ್ಡವರು ಇರಬೇಕೆಂಬ ನಿಯಮ ತನ್ನಿರಿ. ಮೇ ತಿಂಗಳ ವಿ.ಬಿ.ಎಸ್.ಗೆ (ರಜಾಕಾಲದ ಬೈಬಲ್ ಶಾಲೆಗೆ) ಪುಸ್ತಕಗಳು ಸಾಮಾನ್ಯವಾಗಿ ಫೆಬ್ರವರಿಯಲ್ಲಿ ಪ್ರೆಸ್ಸಿಗೆ ಹೋಗುವುದರಿಂದ, ಕರಡು ಪ್ರತಿಯನ್ನು ಜನವರಿಯೊಳಗೆ ಎಲ್ಲ ಸಭೆಗಳ ಶಿಕ್ಷಕರಿಗೂ ತಂದೆತಾಯಿಯರಿಗೂ ಓದಲು ಕೊಡಬೇಕೆಂದು ಕೇಳಿಕೊಳ್ಳುತ್ತೇನೆ. ಎಬೆದ್ಮೆಲೆಕನ ಪಾಠವನ್ನು ಆರು ವರ್ಷದ ಮಕ್ಕಳಿಗೆ ಹೊಂದುವಂತೆ ಬರೆದು, ಚಿತ್ರಗಳೊಂದಿಗೆ ಸಿದ್ಧಮಾಡಿ ಇಟ್ಟಿದ್ದೇನೆ. ಸಮಿತಿ ಕೇಳಿದ ದಿನವೇ ಕಳಿಸಿಕೊಡುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಚಿಕ್ಕ ಮಕ್ಕಳ ತರಗತಿಯ ಶಿಕ್ಷಕಿ
ಧಾರವಾಡ